ಕಿರ್ಕ್ ಕ್ಯಾಮರೂನ್ ಮತ್ತು ‘ಫೈರ್‌ಪ್ರೂಫ್’: ಸಿನಿಮಾ ಸಂಜೆಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ನಮ್ಮ ಚರ್ಚಿನ ಸಭಾಂಗಣದಲ್ಲಿ ಕುಟುಂಬಗಳಿಗಾಗಿ ನಡೆಸುವ ಸಿನಿಮಾ ಸಂಜೆಗಳಲ್ಲಿ ಅತಿ ಹೆಚ್ಚು ಪ್ರಶ್ನೆಗಳನ್ನು ಎಬ್ಬಿಸಿದ ಚಿತ್ರ, ಕಿರ್ಕ್ ಕ್ಯಾಮರೂನ್ ನಾಯಕನಾಗಿ ನಟಿಸಿದ ಅಮೆರಿಕದ 2008ರ ‘ಫೈರ್‌ಪ್ರೂಫ್’. ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತು ಕೇಳುವವರಿಗೆ ಪೂರ್ತಿ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಊರಿನ ನಾಟಕಗಳ ಜೊತೆ ಹಲವು ವರ್ಷ ಓಡಾಡಿದವನಾದ್ದರಿಂದ ದೇವಶಾಸ್ತ್ರಕ್ಕಿಂತ ಅಭಿನಯದ ಕಡೆಗೆ ನನ್ನ ಮಾತು ಸ್ವಲ್ಪ ಹೆಚ್ಚು ವಾಲುತ್ತದೆ. ಚಿತ್ರ ನೋಡದವರಿಗೊಂದು ಎಚ್ಚರಿಕೆ: ಕಥೆಯ ಗುಟ್ಟುಗಳು ಕೆಳಗೆ ಹೊರಬೀಳುತ್ತವೆ.

ಈ ನಟ ಯಾರು? ನಮಗೆ ಪರಿಚಯವೇ ಇಲ್ಲವಲ್ಲ!

ನಲವತ್ತು ವರ್ಷಗಳ ಹಿಂದಿನ ಅಮೆರಿಕದ ಮನೆಗಳಲ್ಲಿ ಇವರ ಪರಿಚಯ ಇಲ್ಲದವರು ಕಡಿಮೆ. ಕಿರ್ಕ್ ಕ್ಯಾಮರೂನ್ ಹುಟ್ಟಿದ್ದು 1970ರ ಅಕ್ಟೋಬರ್ 12ರಂದು, ಲಾಸ್ ಏಂಜಲೀಸ್‌ನಲ್ಲಿ. ಚಿಕ್ಕಂದಿನಲ್ಲೇ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. 1985ರ ಸೆಪ್ಟೆಂಬರ್‌ನಲ್ಲಿ ಎಬಿಸಿ ವಾಹಿನಿಯಲ್ಲಿ ‘ಗ್ರೋಯಿಂಗ್ ಪೇನ್ಸ್’ ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಅಪ್ಪ ಮನೋವೈದ್ಯ, ಮನೆಯಲ್ಲೇ ಚಿಕಿತ್ಸಾಲಯ. ಅಮ್ಮ ಮತ್ತೆ ಪತ್ರಿಕಾ ಕೆಲಸಕ್ಕೆ ಹೊರಟವಳು. ಓದು ಬಿಟ್ಟು ಉಳಿದೆಲ್ಲದರಲ್ಲೂ ಚುರುಕಾಗಿರುವ ಹಿರಿಮಗ ಮೈಕ್ ಸೀವರ್ ಪಾತ್ರ ಕ್ಯಾಮರೂನ್ ಅವರದು. ಏಳು ಸೀಸನ್, 166 ಕಂತು. 1992ರ ಏಪ್ರಿಲ್‌ನಲ್ಲಿ ಮುಗಿಯಿತು. ಹದಿಹರೆಯದವರ ಪತ್ರಿಕೆಗಳ ಮುಖಪುಟದಲ್ಲಿ ಆ ವರ್ಷಗಳಲ್ಲಿ ಇವರದೇ ಮುಖ.

ಕೊನೆಯ ಸೀಸನ್ನಿನಲ್ಲಿ ಆ ಮನೆಗೆ ಬಂದು ಸೇರುವ ದಿಕ್ಕಿಲ್ಲದ ಹುಡುಗನಾಗಿ ನಟಿಸಿದವನು ಲಿಯೊನಾರ್ಡೊ ಡಿಕ್ಯಾಪ್ರಿಯೊ. ಇದನ್ನು ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗರು ನೆಟ್ಟಗೆ ಕೂರುತ್ತಾರೆ. ಕ್ಯಾಮರೂನ್ ಅವರ ತಂಗಿ ಕ್ಯಾಂಡೇಸ್ ಕೂಡ ನಟಿ, ‘ಫುಲ್ ಹೌಸ್’ ಧಾರಾವಾಹಿಯ ಹಿರಿಮಗಳು.

ಅದು ನಮ್ಮ ಕನ್ನಡ ಧಾರಾವಾಹಿಗಳ ಹಾಗೆಯೇ?

ಅಲ್ಲ, ಮತ್ತು ಈ ವ್ಯತ್ಯಾಸ ಗೊತ್ತಿಲ್ಲದೆ ಇವರ ಸಿನಿಮಾ ಅಭಿನಯ ಅರ್ಥವಾಗುವುದಿಲ್ಲ. ನಮ್ಮ ಧಾರಾವಾಹಿ ವಾರದ ಐದಾರು ದಿನ ಪ್ರಸಾರವಾಗಬೇಕು. ಸಂಭಾಷಣೆ ಸೆಟ್ಟಿಗೆ ಬರುವುದೇ ಆ ದಿನ ಬೆಳಿಗ್ಗೆ. ಹಲವು ಕಡೆ ಒಬ್ಬರು ಪಕ್ಕದಲ್ಲಿ ನಿಂತು ಮಾತು ಹೇಳಿಕೊಡುತ್ತಾರೆ, ನಟರು ಅದನ್ನು ಹಿಡಿದು ಒಪ್ಪಿಸುತ್ತಾರೆ. ಅಲ್ಲಿನ ಹಾಸ್ಯ ಧಾರಾವಾಹಿಯಲ್ಲಿ ವಾರಕ್ಕೊಂದೇ ಕಂತು. ವಾರವಿಡೀ ತಾಲೀಮು, ತಿದ್ದುಪಡಿ, ಮತ್ತೆ ತಾಲೀಮು. ವಾರದ ಕೊನೆಗೆ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ನಾಟಕದಂತೆ ಆಡುತ್ತಾರೆ, ಕ್ಯಾಮೆರಾಗಳು ಅದನ್ನು ಹಿಡಿಯುತ್ತವೆ.

ಹೀಗಾಗಿ ಅಲ್ಲಿ ಬೆಳೆದವರಿಗೆ ಒಂದು ವಿದ್ಯೆ ಕರಗತವಾಗುತ್ತದೆ: ನಗು ಏಳುವ ತನಕ ಸುಮ್ಮನಿರುವುದು, ಅದು ಪೂರ್ತಿ ಆರುವ ಮೊದಲೇ ಮುಂದಿನ ಮಾತು ಎತ್ತುವುದು. ನಮ್ಮ ತುಳು ರಂಗಭೂಮಿಯ ಹಾಸ್ಯ ಕಲಾವಿದರನ್ನು ಗಮನಿಸಿ. ಒಂದು ಮಾತು ಎಸೆದು, ಏನೂ ಗೊತ್ತಿಲ್ಲದವರ ಹಾಗೆ ಪಂಚೆಯ ತುದಿ ಸರಿಪಡಿಸುತ್ತಾ ನಿಲ್ಲುತ್ತಾರಲ್ಲ, ಅದೇ ವಿದ್ಯೆ. ಕ್ಯಾಮರೂನ್ ಹದಿನಾಲ್ಕರಿಂದ ಇಪ್ಪತ್ತೊಂದರ ವಯಸ್ಸಿನವರೆಗೆ ಕಲಿತದ್ದು ಇದನ್ನು.

ಅಷ್ಟು ಹೆಸರಿದ್ದವರು ಟಿವಿ ಬಿಟ್ಟು ಸುವಾರ್ತೆ ಸಾರಲು ಹೊರಟದ್ದು ಏಕೆ?

ಪ್ರವಚನಗಳಲ್ಲಿ ಹೀಗೆ ಹೇಳುವುದುಂಟು: ಒಂದು ದಿನ ಎಲ್ಲವನ್ನೂ ತ್ಯಜಿಸಿ ನಡೆದುಬಿಟ್ಟರು ಎಂದು. ನಡೆದದ್ದು ಅಷ್ಟು ನಾಟಕೀಯವಾಗಿಲ್ಲ. ತಾನು ಮೊದಲು ನಾಸ್ತಿಕನಾಗಿದ್ದೆ, ಹದಿಹರೆಯದ ಕೊನೆಯಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಬಂದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆಗ ಧಾರಾವಾಹಿ ಜನಪ್ರಿಯತೆಯ ತುದಿಯಲ್ಲಿತ್ತು. ಅವರು ಕೆಲಸ ಬಿಡಲಿಲ್ಲ, ಬದಲಿಗೆ ಚಿತ್ರಕಥೆಯಲ್ಲಿ ತನಗೆ ಸರಿಕಾಣದ ಮಾತು, ಸನ್ನಿವೇಶಗಳನ್ನು ಆಕ್ಷೇಪಿಸತೊಡಗಿದರು. ಬರಹಗಾರರಿಗೂ ಅವರಿಗೂ ಜಟಾಪಟಿಯಾಯಿತು. ಸಹನಟರಿಂದಲೂ ದೂರವಾದರು. 1991ರಲ್ಲಿ, ಅದೇ ಧಾರಾವಾಹಿಯಲ್ಲಿ ತನ್ನ ಗೆಳತಿಯ ಪಾತ್ರ ಮಾಡುತ್ತಿದ್ದ ಚೆಲ್ಸಿ ನೋಬಲ್ ಅವರನ್ನು ಮದುವೆಯಾದಾಗ ತೆರೆಯ ಮೇಲಿನ ಅಪ್ಪ–ಅಮ್ಮಂದಿರಿಗೇ ಆಮಂತ್ರಣ ಹೋಗಿರಲಿಲ್ಲ. ಊರಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ! ಮುಂದೆ ಅವರು ಕ್ಷಮೆ ಕೇಳಿದರು. 2000 ಮತ್ತು 2004ರಲ್ಲಿ ಹಳೆಯ ತಂಡದವರೊಂದಿಗೆ ಎರಡು ಟಿವಿ ಚಿತ್ರಗಳಲ್ಲಿ ಮತ್ತೆ ನಟಿಸಿದರು.

ನಡುವೆ 1995ರಿಂದ 1997ರವರೆಗೆ ‘ಕಿರ್ಕ್’ ಎಂಬ ಇನ್ನೊಂದು ಹಾಸ್ಯ ಧಾರಾವಾಹಿ ಮಾಡಿದರು. ಅದು ಎರಡು ಸೀಸನ್‌ಗೆ ನಿಂತುಹೋಯಿತು. ಅವರು ಟಿವಿಯನ್ನು ಬಿಟ್ಟದ್ದು ಎಷ್ಟು ನಿಜವೋ ಟಿವಿಯೂ ಅವರನ್ನು ಬಿಡುತ್ತಿತ್ತು ಎಂಬುದೂ ಅಷ್ಟೇ ನಿಜ. ಬಾಲನಟರಾಗಿ ಮೆರೆದವರ ಪಾಡು ಎಲ್ಲ ಊರಿನಲ್ಲೂ ಹೀಗೆಯೇ.

ಇವರ ಮೊದಲ ದೊಡ್ಡ ಕ್ರೈಸ್ತ ಚಿತ್ರ ಯಾವುದು? ಅದನ್ನೇಕೆ ತೋರಿಸುವುದಿಲ್ಲ?

2000ದಲ್ಲಿ ಬಂದ ‘ಲೆಫ್ಟ್ ಬಿಹೈಂಡ್’. ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ ಅವರ ಕಾದಂಬರಿ ಅದರ ಮೂಲ. ಕ್ಯಾಮರೂನ್ ಅವರದು ಬಕ್ ವಿಲಿಯಮ್ಸ್ ಎಂಬ ವರದಿಗಾರನ ಪಾತ್ರ. ಒಂದು ಕ್ಷಣದಲ್ಲಿ ವಿಶ್ವಾಸಿಗಳೆಲ್ಲ ಇದ್ದಲ್ಲಿಂದ ಮಾಯವಾಗುತ್ತಾರೆ, ವಿಮಾನದ ಸೀಟಿನಲ್ಲಿ ಬಟ್ಟೆಗಳಷ್ಟೇ ಉಳಿಯುತ್ತವೆ. ಮೊದಲು ವಿಡಿಯೊ ಮಾರಾಟಕ್ಕೆ ಬಿಟ್ಟು ಆಮೇಲೆ, 2001ರ ಆರಂಭದಲ್ಲಿ ಚಿತ್ರಮಂದಿರಕ್ಕೆ ತಂದರು. ಎರಡು ಮುಂದುವರಿದ ಭಾಗಗಳೂ ಬಂದವು.

ತೋರಿಸದಿರಲು ಕಾರಣ ಸರಳ. ಕ್ರಿಸ್ತನ ಪುನರಾಗಮನಕ್ಕೆ ಮೊದಲೇ ವಿಶ್ವಾಸಿಗಳನ್ನು ಗುಟ್ಟಾಗಿ ಎತ್ತಿಕೊಳ್ಳಲಾಗುತ್ತದೆ ಎಂಬ ಈ ಬೋಧನೆ 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಮುಂತಾದವರಿಂದ ಹರಡಿದ್ದು. ಕಥೊಲಿಕ್ ಸಭೆ ಇದನ್ನು ಬೋಧಿಸುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಪರಂಪರೆಯ ನಮ್ಮ ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐ ಬಂಧುಗಳ ಮುಖ್ಯ ಬೋಧನೆಯೂ ಅದಲ್ಲ. ಚಿತ್ರ ನೋಡಿ ರಾತ್ರಿ ನಿದ್ದೆಗೆಟ್ಟ ಮಕ್ಕಳನ್ನು ಸಮಾಧಾನ ಮಾಡುವ ಕೆಲಸ ಆಮೇಲೆ ಧರ್ಮಗುರುಗಳ ಪಾಲಿಗೆ ಬರುತ್ತದೆ.

‘ಫೈರ್‌ಪ್ರೂಫ್’ ಕಥೆ ಏನು?

ಕೇಲಬ್ ಹೋಲ್ಟ್ ಅಗ್ನಿಶಾಮಕ ದಳದ ಕ್ಯಾಪ್ಟನ್. ಊರಿಗೆಲ್ಲ ವೀರ, ಮನೆಯಲ್ಲಿ ಸಿಡುಕ. ಹೆಂಡತಿ ಕ್ಯಾಥರೀನ್ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಆಕೆಯ ತಾಯಿ ಪಾರ್ಶ್ವವಾಯು ಬಡಿದು ಮಲಗಿದ್ದಾಳೆ. ಕೇಲಬ್ ದೋಣಿ ಕೊಳ್ಳಲೆಂದು ಹಣ ಕೂಡಿಡುತ್ತಿದ್ದಾನೆ, ಅಂತರಜಾಲದ ಅಶ್ಲೀಲ ಚಿತ್ರಗಳ ಚಟಕ್ಕೂ ಬಿದ್ದಿದ್ದಾನೆ. ವಿಚ್ಛೇದನದ ಮಾತು ಬಂದಾಗ ಅವನ ಅಪ್ಪ ಕೈಬರಹದ ಪುಸ್ತಕವೊಂದನ್ನು ಕೊಟ್ಟು, ನಲವತ್ತು ದಿನ ಇದರಲ್ಲಿರುವಂತೆ ಮಾಡು ಎನ್ನುತ್ತಾನೆ. ಮೊದಲ ದಿನದ ಪಾಠ: ಹೆಂಡತಿಗೆ ಒಂದೂ ಕೆಟ್ಟ ಮಾತು ಆಡಬೇಡ.

ಶುರುವಿನಲ್ಲಿ ಎಲ್ಲವೂ ಕಾಟಾಚಾರ. ಹೂಗುಚ್ಛ ಕೊಡಬೇಕು ಎಂದು ಬರೆದಿದ್ದರೆ ಹೂವಿನ ಅಂಗಡಿಗೆ ಫೋನ್ ಮಾಡಿ ಅಗ್ಗದ್ದನ್ನೇ ತರಿಸುತ್ತಾನೆ. ಬೆಳಿಗ್ಗೆ ಕಾಫಿ ಬಗ್ಗಿಸಿ ಇಟ್ಟರೆ ಅವಳು ಮುಟ್ಟದೆ ಹೊರಡುತ್ತಾಳೆ. ದೋಣಿಯ ಹಣ ಅತ್ತೆಯ ಮಂಚ ಮತ್ತು ಗಾಲಿಕುರ್ಚಿಗೆ ಹೋದಾಗಲಷ್ಟೇ ಮನೆಯ ಗಾಳಿ ಬದಲಾಗುತ್ತದೆ. ಆ ಪುಸ್ತಕದ ನಲವತ್ತು ದಿನಗಳನ್ನು ಒಂದು ಕಾಲದಲ್ಲಿ ನಡೆಸಿದವಳು ತನ್ನ ತಾಯಿ ಎಂಬುದು ಅವನಿಗೆ ಗೊತ್ತಾಗುವುದು ಕೊನೆಯಲ್ಲಿ. ಅಲ್ಲಿಯವರೆಗೆ ಎಲ್ಲವೂ ಅಪ್ಪನ ದೊಡ್ಡತನ ಎಂದುಕೊಂಡು ತಾಯಿಯ ಮೇಲೆ ರೇಗುತ್ತಲೇ ಇದ್ದನಲ್ಲ! ನಮ್ಮ ಸಭಾಂಗಣದಲ್ಲಿ ಕರವಸ್ತ್ರಗಳು ಹೊರಬರುವುದು ಇಲ್ಲಿ. ಗಂಡ–ಹೆಂಡತಿ ಒಂದಾಗುವ ದೃಶ್ಯದಲ್ಲಲ್ಲ.

ಒಂದು ಚರ್ಚು ಸಿನಿಮಾ ತಯಾರಿಸಿತು ಎನ್ನುತ್ತಾರೆ. ನಿಜವೇ?

ನಿಜ. ಜಾರ್ಜಿಯಾ ರಾಜ್ಯದ ಆಲ್ಬನಿ ಎಂಬ ಪಟ್ಟಣದ ಶೆರ್ವುಡ್ ಬ್ಯಾಪ್ಟಿಸ್ಟ್ ಚರ್ಚು. ಬ್ಯಾಪ್ಟಿಸ್ಟರು ಪ್ರೊಟೆಸ್ಟೆಂಟರ ಒಂದು ಪಂಗಡ. ಆ ಚರ್ಚಿನ ಪಾಲಕ (ಪಾಸ್ಟರ್) ವರ್ಗದಲ್ಲಿದ್ದ ಅಲೆಕ್ಸ್ ಕೆಂಡ್ರಿಕ್ ಮತ್ತು ಸ್ಟೀಫನ್ ಕೆಂಡ್ರಿಕ್ ಸೋದರರು ಚಿತ್ರಕಥೆ ಬರೆದರು, ಅಲೆಕ್ಸ್ ನಿರ್ದೇಶಿಸಿದರು. 2003ರ ಮೊದಲ ಪ್ರಯತ್ನಕ್ಕೆ ತಗುಲಿದ್ದು 20,000 ಡಾಲರ್. 2006ರ ಎರಡನೆಯದಕ್ಕೆ ಒಂದು ಲಕ್ಷ, ಅದು ಗಳಿಸಿದ್ದು ಕೋಟಿ ಡಾಲರ್. ‘ಫೈರ್‌ಪ್ರೂಫ್’ಗೆ ಐದು ಲಕ್ಷ ಡಾಲರ್, ಆಗಿನ ದರದಲ್ಲಿ ಎರಡು ಕೋಟಿ ರೂಪಾಯಿಗೆ ಸ್ವಲ್ಪ ಮೇಲೆ. 2008ರ ಸೆಪ್ಟೆಂಬರ್ 26ರಂದು 839 ಚಿತ್ರಮಂದಿರಗಳಲ್ಲಿ ತೆರೆಕಂಡು ಆ ವಾರದ ಗಳಿಕೆಯಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಒಟ್ಟು ಗಳಿಕೆ 3.3 ಕೋಟಿ ಡಾಲರ್ ದಾಟಿತು. ಚಿತ್ರದಲ್ಲಿನ ಕೈಪುಸ್ತಕವನ್ನು ನಿಜವಾಗಿಯೇ ಅಚ್ಚುಹಾಕಿಸಿದರು. ಅದೂ ಲಕ್ಷಗಟ್ಟಲೆ ಮಾರಾಟವಾಯಿತು.

ಇಷ್ಟು ಅಗ್ಗವಾಗಿ ಹೇಗೆ ಮುಗಿಯಿತು ಎಂದರೆ ದುಡಿದವರು ಸಂಬಳಕ್ಕೆ ದುಡಿಯಲಿಲ್ಲ. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು. ನಾಯಕಿ ಎರಿನ್ ಬೆಥಿಯಾ ಅದೇ ಚರ್ಚಿನ ಹಿರಿಯ ಪಾಲಕರ ಮಗಳು. ಕ್ಯಾಮರೂನ್ ಕೂಡ ಸಂಭಾವನೆ ತೆಗೆದುಕೊಳ್ಳಲಿಲ್ಲ. ಬದಲಿಗೆ, ಗುಣವಾಗದ ಕಾಯಿಲೆಯ ಮಕ್ಕಳಿಗೂ ಅವರ ಮನೆಯವರಿಗೂ ಕ್ಯಾಮರೂನ್ ಹೆಂಡತಿಯೊಂದಿಗೆ ನಡೆಸುವ ಉಚಿತ ಶಿಬಿರಕ್ಕೆ ಚರ್ಚು ದೇಣಿಗೆ ನೀಡಿತು. ವಾರ್ಷಿಕ ಹಬ್ಬಕ್ಕೆ ಚಪ್ಪರ ಕಟ್ಟಿ, ಸಾವಿರ ಜನರಿಗೆ ಅಡುಗೆ ಮಾಡಿ, ಮರುದಿನ ಕಸ ಗುಡಿಸಿ ಗೊತ್ತಿರುವ ನಮ್ಮ ಜನರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಮುತ್ತಿನ ದೃಶ್ಯದಲ್ಲಿ ಇರುವುದು ನಾಯಕಿ ಅಲ್ಲವಂತೆ?

ಅಲ್ಲ. ಹೆಂಡತಿಯಲ್ಲದ ಬೇರೆ ಹೆಣ್ಣಿಗೆ ಮುತ್ತು ಕೊಡುವುದಿಲ್ಲ ಎಂಬುದು ಕ್ಯಾಮರೂನ್ ಅವರ ನಿಯಮ. ಅದಕ್ಕಾಗಿ ಚೆಲ್ಸಿ ಅವರನ್ನೇ ಕರೆಸಿ, ನಾಯಕಿಯ ವೇಷ ಹಾಕಿಸಿ, ಹಿಂದಿನಿಂದ ಬೆಳಕು ಬಿಟ್ಟು, ಮುಖ ಗುರುತು ಸಿಗದ ಹಾಗೆ ನೆರಳಾಗಿ ತೋರಿಸಿದರು. ಅಮೆರಿಕದ ಪತ್ರಿಕೆಗಳಿಗೆ ಇದೊಂದು ಸೋಜಿಗದ ಸುದ್ದಿಯಾಯಿತು. ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ದಶಕಗಟ್ಟಲೆ ಎರಡು ಹೂವು ತಾಗಿಸಿಯೇ ಕೆಲಸ ಮುಗಿಸಿದ ಚಿತ್ರರಂಗ ನಮ್ಮದು. ಹೀಗೆ ಮಾಡಿದ್ದರಿಂದ ಪಾತ್ರಕ್ಕೆ ಕುಂದಾಯಿತೇ ಎಂದು ನನ್ನನ್ನು ಕೇಳಿದರೆ, ಆಗಲಿಲ್ಲ. ಗೊತ್ತಿಲ್ಲದೆ ನೋಡಿದವರಿಗೆ ಅದು ಚೆಂದದ ದೃಶ್ಯ, ಅಷ್ಟೇ.

ನಟನೆ ನಿಜಕ್ಕೂ ಚೆನ್ನಾಗಿದೆಯೇ, ಅಥವಾ ಕ್ರೈಸ್ತ ಚಿತ್ರ ಎಂದು ಹೊಗಳುತ್ತೀರಾ?

ಚಿತ್ರದಲ್ಲಿ ಉಪದೇಶ ಜಾಸ್ತಿ. ಶಿಲುಬೆಯ ಬುಡದಲ್ಲಿ ಅಪ್ಪ–ಮಗ ಮಾತನಾಡುವ ಭಾಗ ಭಾನುವಾರದ ಚರ್ಚಿನ ಪ್ರವಚನದಷ್ಟೇ ಉದ್ದ. ಸ್ವಯಂಸೇವಕ ನಟರಲ್ಲಿ ಕೆಲವರು ಮಾತು ಒಪ್ಪಿಸುವುದು ಕಾಣುತ್ತದೆ. ಇವೆಲ್ಲದರ ನಡುವೆ ಚಿತ್ರವನ್ನು ಎತ್ತಿ ಹಿಡಿದವರು ಕ್ಯಾಮರೂನ್. ಹಿಡಿದದ್ದು ಅವರ ಭಕ್ತಿಯಿಂದ ಅಲ್ಲ, ಏಳು ವರ್ಷದ ಹಾಸ್ಯ ಧಾರಾವಾಹಿಯ ಪಳಗುವಿಕೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ದೃಶ್ಯ ನೋಡಿ. ಜಗಳವಾಡಿ ಅಂಗಳಕ್ಕೆ ಬಂದ ಕೇಲಬ್ ಬೇಸ್‌ಬಾಲ್ ಬ್ಯಾಟ್ ಎತ್ತಿ ಕಸದ ಡಬ್ಬಕ್ಕೆ ಬಾರಿಸುತ್ತಾನೆ. ಏದುಸಿರು ಬಿಡುತ್ತಾ ತಿರುಗಿದರೆ ನೆರೆಮನೆಯ ಮುದುಕ ಬೇಲಿಯಾಚೆ ನಿಂತು ಕಣ್ಣರಳಿಸಿ ನೋಡುತ್ತಿದ್ದಾನೆ. ಆಗ ಕ್ಯಾಮರೂನ್ ಮಾಡುವುದು ತೀರಾ ಸಣ್ಣ ಕೆಲಸ. ಮೈಯ ಸಿಟ್ಟು ಅರ್ಧಕ್ಕೆ ನಿಲ್ಲುತ್ತದೆ, ಮುಖಕ್ಕೆ ನೆರೆಹೊರೆಯ ಮರ್ಯಾದೆ ಬರುತ್ತದೆ, ಮುದುಕನ ಹೆಸರು ಹಿಡಿದು ನಮಸ್ಕಾರದ ಧಾಟಿಯಲ್ಲಿ ಕರೆಯುತ್ತಾನೆ. ಮುಂದೆ ಕಂಪ್ಯೂಟರನ್ನೇ ಹೊರಗೆ ತಂದು ಪುಡಿಮಾಡುವಾಗಲೂ ಅದೇ ಮುದುಕ, ಅದೇ ಮುಜುಗರ. ಅಶ್ಲೀಲ ಚಿತ್ರದ ಚಟದಂಥ ವಿಷಯವನ್ನು ಅಜ್ಜಿ–ಮೊಮ್ಮಕ್ಕಳ ಜೊತೆ ಕೂತು ನೋಡಬಹುದಾದದ್ದು ಈ ನಗುವಿನ ಉಪಕಾರದಿಂದ. ಇದನ್ನು ಯಾವ ಬೈಬಲ್ ಶಾಲೆಯೂ ಕಲಿಸುವುದಿಲ್ಲ.

ಅದಕ್ಕೂ ಮೊದಲಿನ ಜಗಳವೂ ಅಷ್ಟೇ ಪಕ್ವ. ಹೆಂಡತಿಯ ಮುಖದ ಹತ್ತಿರ ಬೆರಳು ಕುಣಿಸುತ್ತಾ ಕಿರುಚುವಾಗ ಅವನ ಕುತ್ತಿಗೆಯ ನರ ಉಬ್ಬುತ್ತದೆ. ಪ್ರೇಕ್ಷಕರಿಗೆ ಮೈಕ್ ಸೀವರನ ಮುದ್ದು ಮುಖ ನೆನಪಿದ್ದಷ್ಟೂ ಆ ಕ್ಷಣ ಹೆಚ್ಚು ಹೆದರಿಸುತ್ತದೆ.

ನಾವು ಕಥೊಲಿಕರು. ಬ್ಯಾಪ್ಟಿಸ್ಟರ ಚಿತ್ರ ನೋಡಬಹುದೇ?

ಧಾರಾಳವಾಗಿ. ವ್ಯತ್ಯಾಸ ತಿಳಿದು ನೋಡಿದರೆ ಸಾಕು. ಅಲ್ಲಿ ಪಾಪನಿವೇದನೆ ಇಲ್ಲ, ಗುರುಗಳಿಲ್ಲ. ಮನುಷ್ಯ ಒಂದು ಘಳಿಗೆಯಲ್ಲಿ ತೀರ್ಮಾನಿಸಿ ಹೊಸಬನಾಗುತ್ತಾನೆ. ಮದುವೆಯನ್ನು ನಾವು ಸಂಸ್ಕಾರ ಎನ್ನುತ್ತೇವೆ, ಅವರು ಒಡಂಬಡಿಕೆ ಎಂದು ಒತ್ತಿ ಹೇಳುತ್ತಾರೆ. ಉಪ್ಪು ಮತ್ತು ಮೆಣಸಿನ ಡಬ್ಬಿಗಳನ್ನು ಅಂಟಿನಿಂದ ಒಂದಾಗಿಸಿ, ಈಗ ಬೇರ್ಪಡಿಸಿದರೆ ಒಂದಾದರೂ ಒಡೆಯುತ್ತದೆ ಎಂದು ಗೆಳೆಯ ತೋರಿಸುವ ದೃಶ್ಯಕ್ಕೆ ಎರಡೂ ಕಡೆಯವರು ತಲೆದೂಗಬಹುದು.

ಗಂಡ ಕೊಲ್ಲಿಯಲ್ಲಿದ್ದಾರೆ. ಈ ನಲವತ್ತು ದಿನ ನಮಗೆ ಹೇಗೆ ಒಗ್ಗುತ್ತದೆ?

ಕರಾವಳಿಯಲ್ಲಿ ಮಾತ್ರ ಹುಟ್ಟುವ ಪ್ರಶ್ನೆ. ಚಿತ್ರದ ದಂಪತಿ ಒಂದೇ ಸೂರಿನಡಿ ಇದ್ದಾರೆ. ಪಾತ್ರೆ ತೊಳೆಯುವುದು, ಕಾಫಿ ಮಾಡುವುದು ಅಲ್ಲಿ ಪ್ರೀತಿಯ ಭಾಷೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರಿಗೆ, ಹಡಗಿನಲ್ಲಿರುವವರಿಗೆ ಉಳಿದಿರುವುದು ಫೋನ್ ಮಾತ್ರ. ಮೊದಲ ದಿನದ ಪಾಠ ಫೋನಿಗೂ ಒಪ್ಪುತ್ತದೆ. ಹಣ ಬಂತೇ, ಫೀಸು ಕಟ್ಟಿದೆಯಾ ಎಂಬ ಲೆಕ್ಕಾಚಾರ ಬಿಟ್ಟು ದಿನಕ್ಕೊಂದು ಪ್ರೀತಿಯ ಮಾತಾಡುವುದಕ್ಕೆ ಕೆಲವರು ಶುರುಮಾಡಿದ್ದನ್ನು ನನಗೆ ಹೇಳಿದ್ದಾರೆ. ಉಳಿದ ಪಾಠಗಳು ರಜೆಗೆ ಕಾಯಲಿ.

ಹೊಡೆಯುವ ಗಂಡನ ಜೊತೆಗೂ ಹೀಗೆಯೇ ತಾಳ್ಮೆಯಿಂದ ಇರಬೇಕೇ?

ಬೇಡ. ಚಿತ್ರದ ದೊಡ್ಡ ಕೊರತೆ ಇದು. ಸಿಡುಕಿನ ಗಂಡನ ಕಥೆಯನ್ನು ಹೇಳುತ್ತದೆ, ಹಿಂಸೆಯ ಮನೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಪೆಟ್ಟು ತಿನ್ನುವ ಹೆಣ್ಣುಮಗಳಿಗೆ ನಲವತ್ತು ದಿನದ ಪುಸ್ತಕ ಕೊಡುವುದು ಅನ್ಯಾಯ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ಮಹಿಳಾ ಸಹಾಯವಾಣಿ 181. ತುರ್ತಿದ್ದರೆ 112.

ಈ ನಟನ ಮೇಲೆ ಟೀಕೆಗಳೂ ಇವೆಯಲ್ಲ?

ಇವೆ. 2012ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಸಲಿಂಗಕಾಮ ಅಸಹಜ ಎಂದದ್ದಕ್ಕೆ ಭಾರೀ ವಿರೋಧ ಬಂತು. ಹಳೆಯ ಧಾರಾವಾಹಿಯ ಅಪ್ಪ ಮತ್ತು ತಂಗಿಯ ಪಾತ್ರಧಾರಿಗಳೂ ಬಹಿರಂಗವಾಗಿ ಭಿನ್ನಮತ ಹೇಳಿದರು. ಇನ್ನು 2014ರ ‘ಸೇವಿಂಗ್ ಕ್ರಿಸ್‌ಮಸ್’ಗೆ ವರ್ಷದ ಅತಿ ಕೆಟ್ಟ ಚಿತ್ರ, ಅತಿ ಕೆಟ್ಟ ನಟ ಸೇರಿದಂತೆ, ಕೆಟ್ಟ ಚಿತ್ರಗಳನ್ನು ಅಣಕಿಸಲು ಕೊಡುವ ನಾಲ್ಕು ರ‍್ಯಾಜಿ ‘ಪ್ರಶಸ್ತಿ’ಗಳು ಸಿಕ್ಕವು. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಅವರು ಪಾತ್ರವಾಗದೆ ತಾವೇ ತಾವಾಗಿ ಕ್ಯಾಮೆರಾ ನೋಡಿ ಪಾಠ ಹೇಳಿದರು. ನಗುವಿಗೆ ಕಾಯುವ ನಟನಿಗೆ ಎದುರಿಗೆ ಯಾರೂ ಇರಲಿಲ್ಲ.

ಎಷ್ಟು ವಯಸ್ಸಿನ ಮಕ್ಕಳಿಗೆ ತೋರಿಸಬಹುದು?

ಬೆತ್ತಲೆ ದೃಶ್ಯಗಳಿಲ್ಲ, ಬೈಗುಳವಿಲ್ಲ. ಉರಿಯುವ ಮನೆಯ ಮತ್ತು ರೈಲುಹಳಿಯ ಮೇಲೆ ಸಿಕ್ಕಿಕೊಂಡ ಕಾರಿನ ದೃಶ್ಯಗಳು ಪುಟ್ಟವರನ್ನು ಹೆದರಿಸಬಹುದು. ಹೈಸ್ಕೂಲಿನಿಂದ ಮೇಲಿನವರಿಗೆ ಸರಿ.

ನಮ್ಮ ಚರ್ಚಿನ ವಾರ್ಡಿನ ಕೂಟದಲ್ಲಿ ಡಿವಿಡಿ ಹಾಕಿ ತೋರಿಸಬಹುದೇ? ಟಿಕೆಟ್ ಇಡುವುದಿಲ್ಲ.

ಟಿಕೆಟ್ ಇಲ್ಲದಿದ್ದರೂ ಅನುಮತಿ ಬೇಕು. ಡಿಸ್ಕ್ ಮಾರುವುದು ಮನೆಯಲ್ಲಿ ನೋಡಲು. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಂ ಪ್ರಕಾರ ಹವ್ಯಾಸಿ ಸಂಘವೊಂದು ಹಣ ಪಡೆಯದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಾಟಕ ಆಡಿದರೆ ವಿನಾಯಿತಿ ಇದೆ. ಆ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ, ಸಿನಿಮಾಗೆ ಅನ್ವಯಿಸುವುದಿಲ್ಲ. ಹಕ್ಕುದಾರರಿಗೆ ಪತ್ರ ಬರೆದು ಒಪ್ಪಿಗೆ ತರಿಸಿಕೊಳ್ಳಿ.

ನಮ್ಮ ಯುವಜನರೂ ಇಂಥದ್ದೊಂದು ಚಿತ್ರ ಮಾಡಬಹುದೇ?

ಮಾಡಬಹುದು. ಬರೆಯುವವರಿಗೂ ಆಡುವವರಿಗೂ ಈ ಊರಿನಲ್ಲಿ ಬರವಿಲ್ಲ. ಕೊಂಕಣಿ ಮತ್ತು ತುಳು ನಾಟಕಗಳು ತಯಾರು ಮಾಡಿಟ್ಟ ಕಲಾವಿದರು ಪ್ರತಿ ಫಿರ್ಗಜಿನಲ್ಲೂ (ಚರ್ಚಿನ ವ್ಯಾಪ್ತಿಯಲ್ಲೂ) ಸಿಗುತ್ತಾರೆ. ಮುಖ್ಯಪಾತ್ರಕ್ಕೆ ಅಂಥ ಒಬ್ಬರನ್ನು ಹಿಡಿಯಿರಿ. ಭಕ್ತಿ ಎಷ್ಟಿದೆ ಎಂದು ಅಳೆಯುವ ಮೊದಲು ರಂಗದ ಮೇಲೆ ಎಷ್ಟು ವರ್ಷ ಕಳೆದಿದ್ದಾರೆ ಎಂದು ಕೇಳಿ. ಹತ್ತು ನಿಮಿಷದ ಕಿರುಚಿತ್ರದಿಂದ ಶುರುಮಾಡಿ. ಆಲ್ಬನಿಯವರೂ ಮೊದಲ ಸಲವೇ ಬೆಂಕಿ, ರೈಲು ಎಂದು ಹಾರಾಡಲಿಲ್ಲ.

ಖರ್ಚಿನಲ್ಲಿ ಕ್ಯಾಮೆರಾಗಿಂತ ಧ್ವನಿಗೆ ಹೆಚ್ಚು ಹಣ ತೆಗೆದಿಡಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಶೂಟಿಂಗ್ ಇಟ್ಟುಕೊಂಡರೆ ಒಂದು ಮಾತೂ ಕೇಳಿಸುವುದಿಲ್ಲ. ದೀಪಾವಳಿ ಕಳೆದ ಮೇಲೆ ಮಳೆಯ ಕಾಟ ಕಡಿಮೆ, ಆದರೆ ಡಿಸೆಂಬರ್ ಹತ್ತಿರವಾದಂತೆ ಹುಡುಗರೆಲ್ಲ ಕ್ರಿಸ್‌ಮಸ್ ಗೋದಲಿ ಕಟ್ಟಲು ಹೋಗುತ್ತಾರೆ. ನವೆಂಬರ್ ತಿಂಗಳಲ್ಲೇ ಮುಗಿಸಿಕೊಳ್ಳಿ.